ನನ್ನ ಲಾಗಿನ್ನಿನಲ್ಲಿ ಚೆನ್ನಾಗಿಯೇ ಇತ್ತು

ಹೊಗಳಿಕೆ ತಮಗೆ ಹಿಡಿಸುವುದಿಲ್ಲ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳಿದ ಮೇಲೆ ಅವರು ಎದುರಿಗಿದ್ದವರ ಮುಖವನ್ನೇ ನೋಡುತ್ತಿರುತ್ತಾರೆ, ‘ಎಂಥ ಸರಳ ಮನುಷ್ಯ’ ಎಂಬ ಮಾತು ಈಗ ಬಂದೀತು, ಆಗ ಬಂದೀತು ಎಂದು. ನನ್ನಲ್ಲಿ ಅಂಥ ಮುಚ್ಚುಮರೆ ಇಲ್ಲ. ನನಗೆ ಹೊಗಳಿಕೆ ಬೇಕು. ನನ್ನ ಬುದ್ಧಿಯನ್ನಾಗಲಿ ರೂಪವನ್ನಾಗಲಿ ಯಾರೂ ಹೊಗಳಬೇಕಾಗಿಲ್ಲ, ಆ ಆಸೆ ಎಂದೋ ಬಿಟ್ಟಿದ್ದೇನೆ. ‘ಇವರದು ದೊಡ್ಡ ಮನಸ್ಸು, ಏನು ಮಾಡಿದರೂ ಎಲ್ಲರಿಗೂ ಮಾಡುತ್ತಾರೆ’ ಎಂದು ಯಾರಾದರೂ ಅಂದರೆ ಸಾಕು, ಆ ದಿನ ಊಟ ತಡವಾದರೂ ನಾನು ಸಿಡುಕುವುದಿಲ್ಲ. ಈ ಚಪಲಕ್ಕಾಗಿಯೇ ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿ ಇಡೀ ಮನೆಗೆ ಮಂಡಕ್ಕಿ ಒಗ್ಗರಣೆ ಮಾಡುತ್ತೇನೆ. ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡುವುದು, ಹಸಿಮೆಣಸಿನಕಾಯಿ, ಈರುಳ್ಳಿ, ಹುಣಸೆಹುಳಿ, ಮೇಲೊಂದಿಷ್ಟು ಪುಟಾಣಿ ಪುಡಿ. ನನ್ನ ಹೆಂಡತಿ ಶಾರದಾ, ನನ್ನ ತಾಯಿ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕೂತು ‘ಚಲೋ ಆಗೈತಿ’ ಎನ್ನುತ್ತಾರೆ. ನಾನು ಒಬ್ಬೊಬ್ಬರ ಮುಖ ನೋಡುತ್ತ, ಯಾರೂ ಕೇಳದಿದ್ದರೂ ಎರಡನೇ ಸಲ ಬಡಿಸುತ್ತೇನೆ. ಹೀಗೆ ವರ್ಷಗಳಿಂದ ನಡೆದಿದೆ.

ನಾವು ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಈ ಹೆಸರನ್ನು ಪೂರ್ತಿ ಬರೆಯುವ ಶ್ರದ್ಧೆ ಬಸ್ಸಿನ ಬೋರ್ಡು ಬರೆಯುವವರಿಗೂ ಇಲ್ಲ, ಎಚ್.ಬಿ. ಹಳ್ಳಿ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನನ್ನ ಕೆಲಸ ಕೊಟ್ಟೂರಿನ ಒಂದು ಕಾಲೇಜಿನಲ್ಲಿ. ರೈಲು ಸಿಕ್ಕರೆ ರೈಲು, ತಪ್ಪಿದರೆ ಬಸ್ಸು. ನಾನು ಓದಿದ್ದು ಗಣಿತ, ಕಲಿಸಲು ಸೇರಿದ್ದೂ ಗಣಿತವನ್ನೇ. ಆದರೆ ಒಮ್ಮೆ ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಂಡಿತ್ತು. ಎಲ್ಲರೂ ಸುತ್ತ ನಿಂತು ಅದನ್ನು ನೋಡುತ್ತಿದ್ದರು, ನಾನು ಹೋಗಿ ಎಳೆದೆ, ಬಂತು. ಅಂದಿನಿಂದ ನಾನು ಕಂಪ್ಯೂಟರ್ ಬಲ್ಲವನಾದೆ. ಮುಂದೆ ಒಂದು ಕಂಪನಿ ತನಗೆ ಬೇಡವಾದ ಕಂಪ್ಯೂಟರುಗಳನ್ನು ನಮ್ಮ ಕಾಲೇಜಿಗೆ ದಾನ ಮಾಡಿದಾಗ ಲ್ಯಾಬಿನ ಬೀಗದ ಕೈ ಬೇರೆ ಯಾರನ್ನೂ ಕೇಳದೆ ನೇರ ನನ್ನ ಜೇಬಿಗೆ ಬಂತು. ಇವರದು ದೊಡ್ಡ ಮನಸ್ಸು, ಬೇಡ ಅನ್ನುವುದಿಲ್ಲ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಅಂದರು. ಅಷ್ಟು ಅಂದ ಮೇಲೆ ನಾನು ಬೇಡ ಅನ್ನುವ ಪ್ರಶ್ನೆಯೇ ಇರಲಿಲ್ಲ.

ಆ ಲ್ಯಾಬಿನ ಯಂತ್ರಗಳನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಆಡಳಿತ ಮಂಡಳಿಯವರು ಅದನ್ನು ಬಹಳ ಗೌರವದಿಂದ ಕಾಣುತ್ತಾರೆ. ಮೂಲೆಯ ಕಿಟಕಿಯ ಹತ್ತಿರ ಒಂದು ದೊಡ್ಡ ಯಂತ್ರ, ಅದೇ ಸರ್ವರ್. ಉಳಿದವೆಲ್ಲ ಅದಕ್ಕೆ ಕಟ್ಟಿದ ಪರದೆ ಮತ್ತು ಕೀಬೋರ್ಡುಗಳು. ಪ್ರತಿ ವಿದ್ಯಾರ್ಥಿಗೂ ತನ್ನ ರಿಜಿಸ್ಟರ್ ನಂಬರಿನ ಒಂದು ಲಾಗಿನ್ ಇರುತ್ತದೆ. ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಇದು ದೊಡ್ಡ ಕುಟುಂಬದ ಮನೆ ಇದ್ದ ಹಾಗೆ. ಒಬ್ಬೊಬ್ಬರಿಗೆ ಬೀಗ ಹಾಕಿದ ಒಂದೊಂದು ಟ್ರಂಕು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಟ್ರಂಕಿನಲ್ಲಿ ಇಟ್ಟದ್ದು ಇಟ್ಟವರಿಗೆ ಮಾತ್ರ, ಅಡುಗೆಮನೆಯ ನೆಲುವಿನ ಮೇಲೆ ಇಟ್ಟದ್ದು ಮನೆಮಂದಿಗೆಲ್ಲ. ಈ ಸಲದ ಪಠ್ಯದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಂತು. ಅದರ ಜೊತೆಗೆ ಲೆಕ್ಕಕ್ಕೊಂದು, ಕೋಷ್ಟಕಕ್ಕೊಂದು, ಚಿತ್ರ ಬಿಡಿಸುವುದಕ್ಕೊಂದು ಎಂದು ಕೆಲವು ಪ್ಯಾಕೇಜುಗಳು, ಅಂದರೆ ಯಾರೋ ಬರೆದು ಕಟ್ಟಿಟ್ಟ ಸಿದ್ಧ ಸಾಮಾನುಗಳು, ಬೇಕಾಗುತ್ತವೆ. ಅವನ್ನು ಇಂಟರ್ನೆಟ್ಟಿನಿಂದ ಇಳಿಸಿ ಯಂತ್ರಕ್ಕೆ ಹಾಕಬೇಕು. ನಾನು ಒಂದು ಶುಭ ಮಧ್ಯಾಹ್ನ ನನ್ನ ಲಾಗಿನ್ನಿನಲ್ಲಿ ಕೂತು, ಒಂದೇ ಬೆರಳಿನಲ್ಲಿ ಆಜ್ಞೆ ಕುಟ್ಟಿ, ಅವನ್ನೆಲ್ಲ ಹಾಕಿದೆ. ಶುರುವಿನಲ್ಲಿಯೇ ಯಂತ್ರ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿತು. ಸಾಮಾನ್ಯ ಜಾಗದಲ್ಲಿ ಇಡಲು ನಿನಗೆ ಹಕ್ಕಿಲ್ಲ, ಆದ್ದರಿಂದ ನಿನ್ನ ಸ್ವಂತ ಜಾಗದಲ್ಲಿ ಇಡುತ್ತಿದ್ದೇನೆ ಎಂದು ಅದರ ಅರ್ಥ. ಯಂತ್ರಗಳು ಹೀಗೆ ಏನಾದರೂ ಗೊಣಗುತ್ತಲೇ ಇರುತ್ತವೆ ಎಂದು ನಾನು ಅದನ್ನು ಓದಲಿಲ್ಲ. ಮನೆಯಲ್ಲಿಯೂ ನನ್ನದು ಅದೇ ಅಭ್ಯಾಸ.

ಕೆಲಸ ಮುಗಿದ ಮೇಲೆ ತರಗತಿಗೆ ಹೋಗಿ, ಎಲ್ಲರಿಗೂ ಹಾಕಿದ್ದೇನೆ, ಇನ್ನು ಯಾರಿಗೂ ತೊಂದರೆ ಇಲ್ಲ ಎಂದು ಸಾರಿದೆ. ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ನಿಂತುಕೊಂಡೇ ಬರುವ ಮಕ್ಕಳು ಅವರು, ಚಪ್ಪಾಳೆ ತಟ್ಟುವುದರಲ್ಲಿ ಜಿಪುಣತನವಿಲ್ಲ. ಅಲ್ಲಿಂದಾಚೆಗೆ ಲ್ಯಾಬಿನಲ್ಲಿ ಓಡಾಡುವಾಗ ನೋಡುತ್ತಿದ್ದೆ, ಎಲ್ಲರ ಪರದೆಯ ಮೇಲೂ ಪ್ರೋಗ್ರಾಂ ಸರಾಗವಾಗಿ ಓಡುತ್ತಿತ್ತು. ಇನ್ನೊಂದು ವಿಶೇಷವೂ ಕಣ್ಣಿಗೆ ಬಿದ್ದಿತ್ತು: ಪ್ರತಿ ಪರದೆಯ ಮೂಲೆಯಲ್ಲಿಯೂ ನನ್ನ ಹೆಸರೇ ಇರುತ್ತಿತ್ತು. ಇದನ್ನು ಕಂಡು ಒಬ್ಬ ಬುದ್ಧಿವಂತನಿಗೆ ಅನುಮಾನ ಬರಬೇಕಾಗಿತ್ತು. ನನಗೆ ಸಂತೋಷವಾಯಿತು. ಕಟ್ಟಡದ ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲವೇ, ಹಾಗೆಯೇ ಇದನ್ನೆಲ್ಲ ಹಾಕಿಕೊಟ್ಟವರ ಹೆಸರನ್ನು ಯಂತ್ರವೇ ತೋರಿಸುತ್ತಿದೆ ಎಂದುಕೊಂಡೆ. ಲಿನಕ್ಸ್ ಬರೆದವರು ಸಂಸ್ಕಾರವಂತರು ಎಂದು ಶಾರದೆಗೂ ಒಂದು ದಿನ ಹೇಳಿದೆ. ಆಕೆ ಸೊಪ್ಪು ಬಿಡಿಸುತ್ತಿದ್ದಳು, ಹೌದೇನ್ರಿ ಎಂದಳು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಂತು. ಪರೀಕ್ಷಕರಾಗಿ ಬಂದವರು ಹರಪನಹಳ್ಳಿಯ ಒಬ್ಬ ಮೇಡಂ. ಮಿತಭಾಷಿ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಅವರು ಚಹಾ ಬೇಡ ಅಂದಾಗಲೇ ನನಗೆ ಸ್ವಲ್ಪ ಅಳುಕಾಯಿತು. ಚಹಾ ಕುಡಿಯದ ಪರೀಕ್ಷಕರನ್ನು ಯಾವ ಕಡೆಯಿಂದ ಹಿಡಿಯುವುದು? ಇತ್ತ ಲ್ಯಾಬಿನ ಹೊರಗೆ ವರಾಂಡದಲ್ಲಿ ಇನ್ನೊಂದು ಗದ್ದಲ. ನಮ್ಮ ವಿದ್ಯಾರ್ಥಿನಿ ರೇಣುಕಾ ದಿನ ತುಂಬಿದ ಬಸುರಿ. ಹಡಗಲಿಯಿಂದ ಆಚೆ ಇರುವ ಹಳ್ಳಿಯಿಂದ ಬಂದಿದ್ದಳು, ಜೊತೆಗೆ ಅತ್ತೆ ಹಾಲಮ್ಮ. ಡಾಕ್ಟರು ಹೇಳಿದ್ದ ವಾರ ಅದೇ ವಾರ. ಈ ಒಂದು ಪರೀಕ್ಷೆ ಮುಗಿದರೆ ರೇಣುಕಾಳ ಪದವಿ ಮುಗಿದಂತೆ, ತಪ್ಪಿದರೆ ಒಂದು ವರ್ಷ ಹೋದಂತೆ. ಬಾಣಂತನ, ಕೂಸು ಎಂದು ಆಮೇಲೆ ಆ ಒಂದು ವರ್ಷ ಎಷ್ಟಾಗುತ್ತದೋ ಯಾರು ಹೇಳಬಲ್ಲರು? ಅವರ ಮನೆಯಲ್ಲಿ ಪದವಿ ಮುಗಿಸುವ ಮೊದಲ ಹೆಣ್ಣುಮಗಳು ಇವಳೇ ಆಗಬೇಕೆಂದು ಹಟ ಹಿಡಿದಿದ್ದವರು ಓದುಬರಹ ಬಾರದ ಹಾಲಮ್ಮನೇ. ಸೊಸೆಯನ್ನು ಬಸ್ಸಿನಲ್ಲಿ ಕುಲುಕದಂತೆ ಕೂರಿಸಿಕೊಂಡು ಬಂದು, ಲ್ಯಾಬಿನ ಬಾಗಿಲಲ್ಲಿ ಬಿಟ್ಟು, ವರಾಂಡದ ಕಟ್ಟೆಯ ಮೇಲೆ ಬೀಡುಬಿಟ್ಟಿದ್ದರು.

ಹಾಲಮ್ಮ ಸುಮ್ಮನೆ ಕೂರುವ ಜೀವವಲ್ಲ. ಪರೀಕ್ಷೆಗೆ ಬಂದ ಮಕ್ಕಳನ್ನೆಲ್ಲ ನಿಲ್ಲಿಸಿ ಯಾವ ಊರು, ಯಾರ ಪೈಕಿ, ಬೆಳಿಗ್ಗೆ ಏನು ತಿಂದು ಬಂದಿರಿ ಎಂದು ವಿಚಾರಿಸಿ, ಡಬ್ಬಿಯಿಂದ ಒಂದೊಂದು ಶೇಂಗಾ ಉಂಡೆ ತೆಗೆದು ಕೈಗಿಟ್ಟು ಒಳಗೆ ಕಳಿಸುತ್ತಿದ್ದರು. ನನಗೂ ಒಂದು ಸಿಕ್ಕಿತು. ಪರೀಕ್ಷಕರಿಗೆ ಕೊಡಲು ಹೋದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು, ಆದರೆ ತೆಗೆದುಕೊಂಡರು. ಇದೆಲ್ಲ ಮುಗಿದ ಮೇಲೆ ಹಾಲಮ್ಮನ ಮಗ, ಎಂದರೆ ರೇಣುಕಾಳ ಗಂಡ, ಫೋನ್ ಮಾಡತೊಡಗಿದ. ಅವನು ಮೆಕ್ಕೆಜೋಳದ ಲಾರಿ ಓಡಿಸುತ್ತಾನೆ. ಹರಪನಹಳ್ಳಿಯ ಮಾರುಕಟ್ಟೆಯಲ್ಲಿ ಲೋಡು ಇಳಿಸುವ ತನಕ ಮಾಡಲು ಬೇರೆ ಕೆಲಸವಿಲ್ಲದೆ ಮುಖ ಕಾಣುವ ಕರೆ ಮಾಡಿ ‘ಆತೇನು, ಆತೇನು’ ಎಂದು ಕೇಳುತ್ತಿದ್ದ. ಹಾಲಮ್ಮ ಫೋನನ್ನು ಮಾರುದ್ದ ದೂರ ಹಿಡಿದು ಇಡೀ ಕಾಲೇಜಿಗೆ ಕೇಳುವಂತೆ ಉತ್ತರ ಕೊಡುತ್ತಿದ್ದರು. ಪರೀಕ್ಷಕ ಮೇಡಂ ಒಮ್ಮೆ ಹೊರಗೆ ಹೋಗಿ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ ಬಂದರು. ಆಮೇಲೆ ನಾನೂ ಹೋಗಿ, ಅಮ್ಮಾ, ಪರೀಕ್ಷೆ ನಡೆಯುವಾಗ ಫೋನು ಬಂದ್ ಮಾಡಬೇಕು ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಬಂದ್ ಮಾಡುವುದು ತಮಗೆ ಬರುವುದಿಲ್ಲ ಎಂದು ಅವರು ಹೇಳಿದರು.

ಮೇಡಂ ಪ್ರಶ್ನೆ ಹಂಚಿದರು. ನಿಯಮದ ಪ್ರಕಾರ ಪ್ರತಿಯೊಬ್ಬರೂ ತಮ್ಮ ರಿಜಿಸ್ಟರ್ ನಂಬರಿನ ಲಾಗಿನ್ನಿನಲ್ಲಿಯೇ ಕೂರಬೇಕು, ಉತ್ತರಗಳು ಅಲ್ಲಿಯೇ ಉಳಿಯಬೇಕು ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಬರೆದರು, ಓಡಿಸಿದರು. ಎಲ್ಲ ಪರದೆಗಳ ಮೇಲೂ ಒಂದೇ ಕೆಂಪು ಸಾಲು ಮೂಡಿತು: ನೀವು ಕೇಳಿದ ಪ್ಯಾಕೇಜು ಇಲ್ಲಿಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಓಡಾಡಿ ನೋಡಿದೆ, ಎಲ್ಲೆಲ್ಲಿಯೂ ಅದೇ. ಇದು ಸಾಧ್ಯವೇ ಇಲ್ಲ ಮೇಡಂ, ನನ್ನ ಲಾಗಿನ್ನಿನಲ್ಲಿ ಚೆನ್ನಾಗಿಯೇ ಇದೆ, ಬೇಕಾದರೆ ನೋಡಿ ಎಂದು ಅವರನ್ನು ಕರೆದು ತೋರಿಸಿದೆ. ನನ್ನ ಲಾಗಿನ್ನಿನಲ್ಲಿ ಕೋಷ್ಟಕವೂ ಬಂತು, ಬಣ್ಣಬಣ್ಣದ ಚಿತ್ರವೂ ಬಂತು. ಪಕ್ಕದಲ್ಲಿಯೇ ಇಡೀ ತರಗತಿಯ ಮಕ್ಕಳು ವರ್ಷವಿಡೀ ಬರೆದ ಪ್ರೋಗ್ರಾಂಗಳು, ಅವರವರ ಹೆಸರಿನಲ್ಲಿ, ನನ್ನದೇ ಟ್ರಂಕಿನೊಳಗೆ ಸಾಲಾಗಿ ಮಲಗಿದ್ದವು. ಅವನ್ನು ನಾನು ಮೊದಲೂ ನೋಡಿದ್ದೆ, ಹೋಂವರ್ಕ್ ಒಪ್ಪಿಸಿದ್ದಾರೆ ಎಂದುಕೊಂಡಿದ್ದೆ. ಮೇಡಂ ಅದನ್ನು ನೋಡಿ, ನನ್ನನ್ನು ನೋಡಿ, ಮಕ್ಕಳ ಕಡೆ ತಿರುಗಿ ವಿಷಯವೇನು ಎಂದು ಕೇಳಿದರು.

ಕೂಡ್ಲಿಗಿಯ ಕೊಟ್ರೇಶ ಎಂಬ ಹುಡುಗ ಎದ್ದು ನಿಂತ. ತರಗತಿಯಲ್ಲಿ ಅವನೇ ಸ್ವಲ್ಪ ಧೈರ್ಯಸ್ಥ. ಶುರುವಿನಿಂದಲೂ ಆ ಪ್ಯಾಕೇಜುಗಳು ನಮ್ಮ ಯಾರ ಲಾಗಿನ್ನಿನಲ್ಲಿಯೂ ಇರಲಿಲ್ಲ, ಸರ್ ಲಾಗಿನ್ನಿನಲ್ಲಿ ಮಾತ್ರ ಇದ್ದವು, ಆದ್ದರಿಂದ ಎಲ್ಲರೂ ಸರ್ ಲಾಗಿನ್ನಿನೊಳಗೇ ಕೂತು ಕಲಿತೆವು ಎಂದ. ಪಾಸ್‌ವರ್ಡ್ ಹೇಗೆ ಸಿಕ್ಕಿತು ಎಂದು ಮೇಡಂ ಕೇಳಿದರು. ಸರ್ ಅದನ್ನು ಕುಟ್ಟುವಾಗ ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತಾರೆ ಎಂದು ಕೊಟ್ರೇಶ ಹೇಳಿದಾಗ ಇಡೀ ತರಗತಿ ನೆಲ ನೋಡಿತು. ನಾನು ಬಹಳ ನೊಂದು, ಒಂದು ಮಾತು ನನಗೆ ಹೇಳಬಾರದಿತ್ತೇನಪ್ಪಾ ಎಂದೆ.

“ನೀವು ಎಲ್ಲಾರಿಗೂ ಹಾಕೀನಿ ಅಂತ ಅಷ್ಟು ಖುಷಿಲೆ ಹೇಳಿದ್ರಿ ಸರ್. ಇಲ್ರಿ, ನಮಗ ಬಂದಿಲ್ಲ ಅನ್ನಾಕ ಬಾಯಿ ಬರಲಿಲ್ರಿ. ನೀವು ಬ್ಯಾಸರ ಮಾಡ್ಕೊಂತೀರಿ ಅಂತ ಎಲ್ಲಾರೂ ಸುಮ್ಕಾದ್ವಿ.”

ಬೇರೆ ಊರಿನ ಮಕ್ಕಳಾಗಿದ್ದರೆ ಮೊದಲ ದಿನವೇ ಎದ್ದು ನಿಂತು ದೂರು ಕೊಡುತ್ತಿದ್ದರು, ಮರುದಿನ ಎಲ್ಲ ಸರಿಹೋಗುತ್ತಿತ್ತು. ನಮ್ಮ ಕಡೆ ಹಾಗಲ್ಲ. ಬಡಿಸಿದವರ ಮುಂದೆ ಸಾರು ಸಪ್ಪೆ ಎನ್ನುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಉಪ್ಪು ಬೇಕಾದರೂ ಕೇಳದೆ ಉಂಡು, ಭೇಷಾಯ್ತು ಎಂದು ಕೈತೊಳೆದು ಬರುವವರು ನಾವು. ಆ ಮರ್ಯಾದೆಯನ್ನು ಮಕ್ಕಳು ಲಿನಕ್ಸಿಗೂ ಹಚ್ಚಿದ್ದರು. ಕೋಪ ಮಾಡಿಕೊಳ್ಳಬೇಕೆಂದು ನಾನು ಪ್ರಯತ್ನಪಟ್ಟೆ, ಕೋಪ ಬರಲಿಲ್ಲ, ಕಣ್ಣು ಮಾತ್ರ ಸ್ವಲ್ಪ ಮಂಜಾಯಿತು. ನನ್ನ ಮನಸ್ಸು ದೊಡ್ಡದು ಎಂಬ ಒಂದು ಕಟ್ಟುಕತೆಯನ್ನು ಕಾಪಾಡುವುದಕ್ಕೆ ಅಷ್ಟು ಮಕ್ಕಳು ಒಂದೇ ಟ್ರಂಕಿನೊಳಗೆ ಇಕ್ಕಟ್ಟಿನಲ್ಲಿ ಕೂತು ಓದಿದ್ದರು.

ಆದರೆ ಕಣ್ಣು ಒರೆಸಿಕೊಳ್ಳುತ್ತ ಕೂರುವ ಹೊತ್ತಲ್ಲ ಅದು. ಎಲ್ಲರೂ ಉತ್ತರವನ್ನು ನನ್ನ ಲಾಗಿನ್ನಿನಲ್ಲಿಯೇ ಬರೆಯಲಿ ಎಂದರೆ ಅಲ್ಲಿ ವರ್ಷದ ಪ್ರೋಗ್ರಾಂಗಳೆಲ್ಲ ಬಿದ್ದಿವೆ, ನೋಡಿ ಬರೆದಂತಾಗುತ್ತದೆ, ಮೇಡಂ ಒಪ್ಪುವುದಿಲ್ಲ. ಅಡುಗೆಮನೆಗೇ ಹಾಕೋಣ ಎಂದರೆ ಇಂಟರ್ನೆಟ್ ಬೇಕು. ಮುಂದಿನ ರಸ್ತೆಯಲ್ಲಿ ನೀರಿನ ಪೈಪಿಗಾಗಿ ಅಗೆಯುವಾಗ ಕಾಲೇಜಿನ ಕೇಬಲ್ಲು ಹಿಂದಿನ ದಿನವೇ ತುಂಡಾಗಿತ್ತು. ಮಕ್ಕಳ ಫೋನುಗಳಿಂದ ಏನಾದರೂ ಆದೀತೇ ಎಂದರೆ, ಪರೀಕ್ಷೆಗೆ ಯಾರೂ ಫೋನು ತರಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದವನು ನಾನೇ. ನನ್ನ ಫೋನಿನ ಸಿಗ್ನಲ್ ಗೇಟಿನ ತನಕ ಬರುತ್ತದೆ, ಒಳಗೆ ಕಾಲಿಡುವುದಿಲ್ಲ. ಮೇಡಂದೂ ಅದೇ ಕಂಪನಿಯ ಸಿಮ್ಮು. ಮಧ್ಯಾಹ್ನದೊಳಗೆ ಪರೀಕ್ಷೆ ಶುರುವಾಗದಿದ್ದರೆ ನಡೆಯಲಿಲ್ಲ ಎಂದು ಬರೆದುಕೊಟ್ಟು ಹೋಗುವುದು ಬಿಟ್ಟು ತಮಗೆ ಬೇರೆ ದಾರಿ ಇಲ್ಲ, ಮತ್ತೆ ಯಾವಾಗ ನಡೆಯುತ್ತದೋ ವಿಶ್ವವಿದ್ಯಾಲಯದವರ ಇಷ್ಟ ಎಂದು ಮೇಡಂ ಹೇಳಿದರು. ಹೇಳುವಾಗ ಅವರ ಕಣ್ಣು ರೇಣುಕಾಳ ಮೇಲಿತ್ತು. ಅವಳು ಬೆನ್ನಿಗೆ ಕೈ ಕೊಟ್ಟುಕೊಂಡು ಆ ಕೆಂಪು ಸಾಲನ್ನೇ ನೋಡುತ್ತಿದ್ದಳು.

ಆಮೇಲೆ ಮೇಡಂ ನನ್ನನ್ನು ಬಾಗಿಲ ಹತ್ತಿರ ಕರೆದರು. ಆ ಹುಡುಗಿ ಒಬ್ಬಳನ್ನು ನಿಮ್ಮ ಲಾಗಿನ್ನಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತೇನೆ, ಹಳೆಯದು ಯಾವುದನ್ನೂ ತೆರೆಯದಂತೆ ನೋಡಿಕೊಳ್ಳುತ್ತೇನೆ, ಅವಳ ವರ್ಷ ಉಳಿಯಲಿ, ಉಳಿದವರು ಇನ್ನೊಂದು ದಿನ ಬರೆಯಲಿ ಎಂದರು. ನಿಯಮವನ್ನು ಅಷ್ಟು ಬಗ್ಗಿಸುವುದು ಅವರಿಗೆ ಸುಲಭವಾಗಿರಲಿಲ್ಲ ಎಂದು ಮುಖದಲ್ಲಿಯೇ ಕಾಣುತ್ತಿತ್ತು. ಚಹಾ ಕುಡಿಯದವರ ಬಗ್ಗೆ ನಾನು ಇಟ್ಟುಕೊಂಡಿದ್ದ ಅಭಿಪ್ರಾಯವನ್ನು ಅಲ್ಲಿಯೇ ಬದಲಾಯಿಸಿಕೊಂಡೆ. ಈ ಶುಭವಾರ್ತೆಯನ್ನು ಹಾಲಮ್ಮನಿಗೆ ತಿಳಿಸಲು ಹೊರಗೆ ಓಡಿದೆ. ನನ್ನ ದೊಡ್ಡ ಮನಸ್ಸಿನ ಬಗ್ಗೆ ಇನ್ನೊಂದು ಒಳ್ಳೆಯ ಮಾತು ಸಿಗಬಹುದು ಎಂಬ ಆಸೆ ಆ ಗಡಿಬಿಡಿಯಲ್ಲಿಯೂ ಇತ್ತು, ಸುಳ್ಳು ಯಾಕೆ ಹೇಳಲಿ?

ಹಾಲಮ್ಮ ಪೂರ್ತಿ ಕೇಳಿಸಿಕೊಂಡರು. ಮುಖ ಅರಳಲಿಲ್ಲ.

“ಪಂಗ್ತ್ಯಾಗ ಎಲ್ಲಾರ್ನೂ ಎಲಿ ಹಾಕಿ ಕುಂದ್ರಿಸಿ, ಒಬ್ಬಾಕಿಗಷ್ಟ ನೀಡಿ ಎಬ್ಬಿಸಿ ಕಳಸ್ತಾರೇನ್ರಿ ಸಾರ್? ನನ್ನ ಸೊಸಿ ಉಂಡು ಎದ್ದು ಬಂದ್ರ, ಉಳಿದ ಹುಡುಗ್ರು ಬರೇ ಎಲಿ ನೋಡ್ಕೊಂತ ಕುಂದ್ರಬೇಕೇನು?”

ಅಮ್ಮಾ, ಆಕೆಗೆ ದಿನ ತುಂಬಿದೆ, ನೋವು ಶುರುವಾದರೆ ಗತಿಯೇನು ಎಂದೆ. ನೋವು ಬಂದರೆ ಕೊಟ್ಟೂರಲ್ಲಿ ಆಸ್ಪತ್ರೆ ಇದೆ, ನಾನೂ ಇಲ್ಲಿಯೇ ಇದ್ದೇನೆ, ಅದರ ಚಿಂತೆ ನಿಮಗೆ ಬೇಡ ಎಂದರು. ಒಳಗೆ ಕೂತ ಮಕ್ಕಳಲ್ಲಿ ಒಬ್ಬೊಬ್ಬರ ಊರೂ ಅವರಿಗೆ ಗೊತ್ತಿತ್ತು. ಕೂಡ್ಲಿಗಿ ಕಡೆಯ ಒಬ್ಬ ಸಣ್ಣ ಹುಡುಗಿಯ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಟ್ಟರೆ ಬೇರೆ ಇಲ್ಲ, ಅವಳನ್ನು ಮತ್ತೆ ಮತ್ತೆ ಯಾರು ಕಳಿಸುತ್ತಾರೆ ಎಂದು ನನ್ನನ್ನೇ ಕೇಳಿದರು. ಅವಳ ಊರಿಗೆ ಎಷ್ಟು ಬಸ್ಸು ಎಂದು ವರ್ಷವೆಲ್ಲ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲ. ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ ರೇಣುಕಾ, ಅತ್ತೆ ಹೇಳಿದ ಹಾಗೆಯೇ ಮಾಡಿ ಸರ್ ಎಂದಳು. ಆಮೇಲೆ ಹಾಲಮ್ಮ, ಈಗ ನಿಮಗೆ ಬೇಕಾಗಿರುವುದಾದರೂ ಏನು ಎಂದು ಕೇಳಿದರು. ಇನ್ನೇನು ಹೇಳಲಿ, ನೆಟ್ ಬೇಕಿತ್ತಮ್ಮ, ಅದೊಂದು ಇದ್ದಿದ್ದರೆ ಎಲ್ಲರಿಗೂ ಹಾಕುತ್ತಿದ್ದೆ ಎಂದೆ. ಅವರು ತಮ್ಮ ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿ ನನ್ನ ಕಡೆ ಚಾಚಿದರು.

“ಇದ್ರಾಗ ಐತೇನು ನೋಡ್ರಿ. ನನ್ನ ಮಗ ದಂಡಿಯಾಗಿ ತುಂಬಿಸಿ ಕೊಟ್ಟಾನ. ನನಗ ಅವನ ಮಕ ನೋಡೋದು ಬಿಟ್ರ ಅದ್ರಾಗ ಬ್ಯಾರೆ ಏನೂ ಬರಂಗಿಲ್ಲ.”

ಬೆಳಗಿನಿಂದ ಯಾವ ಫೋನನ್ನು ಬಂದ್ ಮಾಡಿ ಎಂದು ಇಬ್ಬರು ವಿದ್ಯಾವಂತರು ಸರದಿಯ ಮೇಲೆ ಹೋಗಿ ಹೇಳಿ ಬಂದಿದ್ದೆವೋ, ಅದರಲ್ಲಿ ಸಿಗ್ನಲ್ಲೂ ಇತ್ತು, ದಿನದ ಪ್ಯಾಕೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಆದರೆ ಅದು ವರಾಂಡದ ಫೋನು, ಒಳಗೆ ತಂದರೆ ಅದರ ಸಿಗ್ನಲ್ಲೂ ಮುನಿಸಿಕೊಳ್ಳುತ್ತಿತ್ತು. ಪುಣ್ಯಕ್ಕೆ ಸರ್ವರ್ ಇದ್ದದ್ದು ಕಿಟಕಿಯ ಹತ್ತಿರ. ಚಾರ್ಜಿಂಗ್ ವಯರನ್ನು ಸರ್ವರಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿನಿಂದ ಹೊರಗೆ ಹಾಯಿಸಿ ಫೋನಿಗೆ ಸಿಕ್ಕಿಸಿ, ಫೋನಿನ ನೆಟ್ಟು ಆ ವಯರಿನಲ್ಲಿಯೇ ಸರ್ವರಿಗೆ ಬರುವಂತೆ ಮಾಡಿದೆವು. ಕಟ್ಟೆಯ ಮೇಲೆ ಇಡಿ ಎಂದರೆ ಹಾಲಮ್ಮ ಇಡಲಿಲ್ಲ, ಬಿದ್ದರೆ ಏನು ಗತಿ ಎಂದು ಹಸುವಿನ ಹಗ್ಗ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಆಚೆ ನಿಂತರು. ಒಳಗೆ ಮೇಡಂ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಆಜ್ಞೆಯ ಮುಂದೆ ಸುಡೊ ಎಂಬ ಒಂದು ಪದ ಸೇರಿಸಿದರೆ ಯಂತ್ರ ನಮ್ಮನ್ನು ಮನೆಯ ಯಜಮಾನರೆಂದು ಒಪ್ಪಿಕೊಂಡು ಸಾಮಾನುಗಳನ್ನು ಟ್ರಂಕಿಗೆ ಹಾಕದೆ ಅಡುಗೆಮನೆಗೇ ಹಾಕುತ್ತದೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಅದೂ ನಾನು ಬಳಸುತ್ತಿದ್ದ ದಾರಿಯಿಂದ ಬೇಡ, ಲಿನಕ್ಸಿನವರೇ ಕಟ್ಟಿಟ್ಟಿರುವ ಉಗ್ರಾಣದಿಂದ ತರಿಸಿದರೆ ಎಲ್ಲರಿಗೂ ಸಲೀಸು ಎಂದರು. ಯಂತ್ರ ಯಜಮಾನನ ಪಾಸ್‌ವರ್ಡ್ ಕೇಳಿತು. ಕುಟ್ಟಿದೆ, ಈ ಸಲ ತುಟಿ ಬಿಗಿಹಿಡಿದು.

ಸಾಮಾನು ಇಳಿಯತೊಡಗಿತು. ಲ್ಯಾಬಿನಲ್ಲಿ ಎಲ್ಲರ ಕಣ್ಣೂ ಕಿಟಕಿಯಾಚೆಯ ಆ ಎರಡು ಕೈಗಳ ಮೇಲೆ. ಅರ್ಧ ಇಳಿದಿರುವಾಗ ಲಾರಿಯ ಮಗ ಮತ್ತೆ ಫೋನ್ ಮಾಡಿದ. ಹಾಲಮ್ಮ ಕೈ ಅಲುಗಿಸದೆ, ಬೆರಳ ತುದಿಯಿಂದ ಒತ್ತಿ, “ಇಡಲೇ ಫೋನು, ಹುಡುಗ್ರಿಗೆ ನೆಟ್ ಕೊಡಾಕತ್ತೀನಿ” ಎಂದರು. ಪರೀಕ್ಷಕ ಮೇಡಂ ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಇಳಿಯಿತು, ಕೂತಿತು, ಮುಗಿಯಿತು. ನಾನು ತಕ್ಷಣ ನನ್ನ ಲಾಗಿನ್ನಿನಲ್ಲಿ ಓಡಿಸಿ ನೋಡಿ, ಆಯ್ತು ಮೇಡಂ, ಚೆನ್ನಾಗಿ ಬರುತ್ತಿದೆ ಎಂದು ಎರಡೂ ಕೈ ಎತ್ತಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮದ್ರಾಗೆ ಅಲ್ಲ ಸರ್, ಆ ಹುಡುಗಿದ್ರಾಗೆ ನೋಡ್ರಿ. ನಿಮ್ಮದ್ರಾಗೆ ಬೆಳಿಗ್ಗೆನೂ ಬರ್ತಿತ್ತು.”

ರೇಣುಕಾ ತನ್ನ ನಂಬರಿನ ಲಾಗಿನ್ನಿನಲ್ಲಿ ಓಡಿಸಿದಳು. ಬಂತು. ಅವಳ ಪಕ್ಕದವಳದು ಬಂತು, ಕೊಟ್ರೇಶನದು ಬಂತು, ಕೂಡ್ಲಿಗಿ ಕಡೆಯ ಸಣ್ಣ ಹುಡುಗಿಯದೂ ಬಂತು. ಪರದೆಗಳ ಮೂಲೆಯಲ್ಲಿ ಅವರವರ ನಂಬರು, ಎಲ್ಲಿಯೂ ನನ್ನ ಹೆಸರಿಲ್ಲ. ಆ ದೃಶ್ಯ ಅಷ್ಟು ಚೆಂದ ಕಂಡೀತೆಂದು ನಾನು ಎಣಿಸಿರಲಿಲ್ಲ. ಮೊದಲ ಸಲಕ್ಕೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕಾಲು ಚಾಚಿ ಕೂತು ಬರೆದರು. ರೇಣುಕಾ ನಡುವೆ ಒಮ್ಮೆ ಎದ್ದು ನಿಂತು, ಉಸಿರು ಎಳೆದುಕೊಂಡು, ಮತ್ತೆ ಕೂತು ಮುಗಿಸಿದಳು. ಅಷ್ಟು ಹೊತ್ತೂ ನಾನು ಕೊಟ್ಟೂರಿನ ಆಸ್ಪತ್ರೆಗೆ ಯಾವ ರಸ್ತೆ ಹತ್ತಿರ, ಅದನ್ನು ಎಲ್ಲಿ ಅಗೆದಿಲ್ಲ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದೆ. ಗಣಿತ ಓದಿದ್ದು ಆ ದಿನ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಹೊರಡುವಾಗ ನಾನು ಹಾಲಮ್ಮನ ಫೋನು ವಾಪಸು ಕೊಟ್ಟು, ನಿಮ್ಮ ಇವತ್ತಿನ ನೆಟ್ಟು ಬಹುಪಾಲು ಖರ್ಚಾಯಿತಮ್ಮ ಎಂದೆ. ಆಗಲಿ ಬಿಡಿ, ನಾಳೆ ಮತ್ತೆ ಬರುತ್ತದೆ ಎಂದು ಅವರು ಫೋನನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು. ಕೈಮುಗಿದರೆ, ಏನಾಯಿತು ಅಂತ ಕೈಮುಗಿಯುತ್ತೀರಿ ಎಂದು ಗದರಿಸಿದರು. ಕಾಲೇಜಿನ ಗೇಟಿನ ತನಕ ಮಕ್ಕಳೆಲ್ಲ ಅವರ ಹಿಂದೆ ಹೋದರು, ನಾನು ಎಂಬವನೊಬ್ಬ ಅಲ್ಲಿದ್ದೇನೆ ಎಂಬುದು ಯಾರಿಗೂ ನೆನಪಿರಲಿಲ್ಲ. ಮೇಡಂ ಮಾತ್ರ ಹೋಗುವ ಮುಂಚೆ ಚಹಾ ಇದೆಯೇ ಎಂದು ಕೇಳಿದರು. ಆ ವಾರದ ಕೊನೆಯಲ್ಲಿ ರೇಣುಕಾಳಿಗೆ ಹೆಣ್ಣುಮಗು ಆಯಿತು ಎಂದು ಕೊಟ್ರೇಶ ಹೇಳಿದ. ತೊಟ್ಟಿಲ ಪಕ್ಕದಲ್ಲಿ ಕೂತು ಹಾಲಮ್ಮ ಫೋನಿನಲ್ಲಿ ಲಾರಿಯ ಮಗನಿಗೆ ಕೂಸಿನ ಮುಖ ತೋರಿಸುತ್ತಿರಬಹುದು ಎಂದು ನೆನೆದುಕೊಂಡೆ. ಈಗಲೂ ಲ್ಯಾಬಿನ ಆ ಕಿಟಕಿಯ ಹತ್ತಿರ ಹೋದಾಗಲೆಲ್ಲ ನನಗೆ ಆ ತಾಯಿಯ ಎರಡು ಕೈಗಳು ಕಾಣುತ್ತವೆ. ತನ್ನ ಸೊಸೆಯ ಪದವಿಯನ್ನೇ ಪಣಕ್ಕಿಟ್ಟು ಎಲ್ಲರಿಗೂ ಬಡಿಸಿ ಎಂದ ಹೆಣ್ಣುಮಗಳು ಆಕೆ. ಅವರ ಋಣ ದೊಡ್ಡದು, ನನ್ನ ತರಗತಿಯ ಆ ಮೂಕ ಮಕ್ಕಳ ಋಣ ಅದಕ್ಕಿಂತ ಕಡಿಮೆಯಲ್ಲ.

ಇಷ್ಟೆಲ್ಲ ಆದ ಮೇಲೆ ಭಾನುವಾರ ಬಂತು. ಎಂದಿನಂತೆ ಮಂಡಕ್ಕಿ ಹಿಂಡಿದೆ, ಒಗ್ಗರಣೆ ಕೊಟ್ಟೆ, ಸಾಲಾಗಿ ಕೂತವರಿಗೆಲ್ಲ ಬಡಿಸಿದೆ. ಎಂದಿನಂತೆ ಚಲೋ ಆಗೈತಿ ಎಂದರು. ನನಗೆ ಮೇಡಂ ಮಾತು ನೆನಪಾಯಿತು, ನಿಮ್ಮದರಲ್ಲಿ ಅಲ್ಲ, ಅವರದರಲ್ಲಿ ನೋಡಿ. ಸೌಟು ಹಿಡಿದು ನಿಂತು, ನಿಜ ಹೇಳು ಶಾರದಾ, ನಾನು ಮಾಡುವ ಮಂಡಕ್ಕಿ ಹೇಗಿರುತ್ತದೆ, ನನಗೆ ಬೇಸರವೇನಿಲ್ಲ ಎಂದೆ. ಶಾರದಾ ನನ್ನ ತಾಯಿಯ ಕಡೆ ನೋಡಿದಳು. ತಾಯಿ ತಟ್ಟೆಯ ಕಡೆ ನೋಡಿದರು. ದೊಡ್ಡ ಮಗಳು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದಳು, ಚಿಕ್ಕವಳು ಒಂದು ಲೋಟ ನೀರನ್ನು ಪೂರ್ತಿ ಕುಡಿದಳು.

“ನಿಮಗ ಚಲೋ ಅನಸ್ತೈತಲ್ರಿ,” ಎಂದಳು ಶಾರದಾ, ಬಹಳ ಮೆತ್ತಗೆ. “ಅಷ್ಟು ಸಾಕು ಬಿಡ್ರಿ.”

ನಾನು ನನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡೆ. ನನ್ನ ಲಾಗಿನ್ನಿನಲ್ಲಿ ಚೆನ್ನಾಗಿಯೇ ಇತ್ತು. ಇಷ್ಟು ವರ್ಷ ಪ್ರತಿ ಭಾನುವಾರ ಇದನ್ನು ನನಗೋಸ್ಕರ ತಿಂದ ಆ ನಾಲ್ವರ ಮುಖವನ್ನು ಒಂದೊಂದಾಗಿ ನೋಡಿದೆ. ದೊಡ್ಡ ಮನಸ್ಸು ಎಂದರೆ ಏನು, ಅದು ಯಾರ ಹತ್ತಿರ ಇರುತ್ತದೆ ಎಂಬುದು ಕೊನೆಗೂ ಅಡುಗೆಮನೆಯಲ್ಲಿಯೇ ಪತ್ತೆಯಾಯಿತು. ಅಷ್ಟರಲ್ಲಿ ನನ್ನ ತಾಯಿ ತಟ್ಟೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದಿಷ್ಟು ಹಾಕಪ್ಪ ಎಂದರು. ಅದು ಹಸಿವೋ ಮರ್ಯಾದೆಯೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸೌಟು ತುಂಬಿಸಿ ಬಡಿಸಿದೆ.